ರೇಡಾರ್ ಬಂತೆಂದರೆ ವೈಫೈ ಜಾಗ ಬಿಡಬೇಕು

ಆಫೀಸಿನ ವಿಡಿಯೊ ಕರೆಯಲ್ಲಿ ಮುಖಗಳು ಇದ್ದಲ್ಲೇ ನಿಂತು ಮಾತು ತುಂಡು ತುಂಡಾದರೆ ಮೊದಲು ಬೈಗುಳ ತಿನ್ನುವುದು ಇಂಟರ್ನೆಟ್ ಕೊಟ್ಟ ಕಂಪನಿ. ಚಾವಣಿಗೆ ಅಂಟಿಕೊಂಡು ವೈಫೈ ಹರಡುವ ಆಕ್ಸೆಸ್ ಪಾಯಿಂಟಿನ ಲಾಗ್ ತೆರೆದು ನೋಡುವವರು ಕಡಿಮೆ. ನೋಡಿದರೆ ಕೆಲವೊಮ್ಮೆ ಅಲ್ಲಿ ಒಂದೇ ಸಾಲು ಸಿಗುತ್ತದೆ: ಚಾನೆಲ್ 100ರಲ್ಲಿ ರೇಡಾರ್ ಪತ್ತೆ, ಚಾನೆಲ್ 36ಕ್ಕೆ ಸ್ಥಳಾಂತರ. ಆ ಪುಟ್ಟ ಡಬ್ಬಿ ಕೆಟ್ಟಿಲ್ಲ, ಕಾನೂನು ಪಾಲಿಸಿದೆ.

5 ಗಿಗಾಹರ್ಟ್ಜ್ ಪಟ್ಟಿಗೆ ವೈಫೈ ತಡವಾಗಿ ಬಂದ ಒಕ್ಕಲು. ಅದಕ್ಕೂ ಮುಂಚೆ ಅಲ್ಲಿ ಹವಾಮಾನ ರೇಡಾರ್, ಸೇನೆಯ ರೇಡಾರ್, ಹಡಗಿನ ರೇಡಾರ್‌ಗಳು ನೆಲೆಸಿದ್ದವು. 2003ರಲ್ಲಿ ಜಿನೀವಾದಲ್ಲಿ ನಡೆದ ವಿಶ್ವ ರೇಡಿಯೊ ಸಮ್ಮೇಳನ ವೈಫೈಗೆ ಜಾಗ ಕೊಟ್ಟಿತು, ಷರತ್ತಿನ ಮೇಲೆ. 5250ರಿಂದ 5350 ಮತ್ತು 5470ರಿಂದ 5725 ಮೆಗಾಹರ್ಟ್ಜ್‌ವರೆಗಿನ ಭಾಗದಲ್ಲಿ ರೇಡಾರ್ ಕೇಳಿಸಿದರೆ ವೈಫೈ ತಾನಾಗಿ ಎದ್ದು ಹೋಗಬೇಕು. ಈ ಏರ್ಪಾಡಿಗೆ ಡೈನಾಮಿಕ್ ಫ್ರೀಕ್ವೆನ್ಸಿ ಸೆಲೆಕ್ಷನ್, ಚಿಕ್ಕದಾಗಿ ಡಿಎಫ್‌ಎಸ್ ಎಂದು ಹೆಸರು. ಚಾನೆಲ್ ಲೆಕ್ಕದಲ್ಲಿ 52ರಿಂದ 64, ಆಮೇಲೆ 100ರಿಂದ 144 ಈ ಷರತ್ತಿಗೆ ಒಳಪಟ್ಟವು. 36ರಿಂದ 48ರವರೆಗಿನ ನಾಲ್ಕೂ ಸೇರಿ ಉಳಿದವಕ್ಕೆ ಈ ಕಾಟವಿಲ್ಲ.

ಆಕ್ಸೆಸ್ ಪಾಯಿಂಟ್ ಮಾಡಬೇಕಾದ ಕೆಲಸ ನೋಡಿ. ಡಿಎಫ್‌ಎಸ್ ಚಾನೆಲ್ಲಿಗೆ ಕಾಲಿಡುವ ಮೊದಲು 60 ಸೆಕೆಂಡ್ ಬಾಯಿ ಮುಚ್ಚಿ ಕಿವಿಗೊಡಬೇಕು. ಯುರೋಪಿನಲ್ಲಿ ಹವಾಮಾನ ರೇಡಾರ್‌ಗಳಿರುವ 5600ರಿಂದ 5650 ಮೆಗಾಹರ್ಟ್ಜ್‌ಗೆ ಈ ಮೌನ 10 ನಿಮಿಷ. ಕೆಲಸ ಶುರುವಾದ ಮೇಲೂ, ಪ್ಯಾಕೆಟ್ಟುಗಳ ಸಂತೆಯ ನಡುವೆ ಕೇಳುತ್ತಲೇ ಇರಬೇಕು. ಏನನ್ನು? ಅಮೆರಿಕದ ಪರೀಕ್ಷೆಯ ಒಂದು ಮಾದರಿ ಹೀಗಿದೆ: ಒಂದು ಮೈಕ್ರೊಸೆಕೆಂಡಿನ ಮಿಡಿತ, 1428 ಮೈಕ್ರೊಸೆಕೆಂಡಿಗೊಮ್ಮೆ, ಒಟ್ಟು 18 ಸಲ. ಇಡೀ ಸರಣಿ 25 ಮಿಲಿಸೆಕೆಂಡಿನೊಳಗೆ ಮುಗಿದುಹೋಗುತ್ತದೆ. ಕಡಿಮೆ ಶಕ್ತಿಯ ಉಪಕರಣ ಮೈನಸ್ 62 ಡಿಬಿಎಂ ಮಟ್ಟದಲ್ಲಿ, ಎಂದರೆ ಒಂದು ವಾಟಿನ ನೂರು ಕೋಟಿಯಲ್ಲೊಂದು ಪಾಲಿಗಿಂತಲೂ ಕಡಿಮೆ ಶಕ್ತಿಯಲ್ಲಿ ಬಂದ ಈ ಸದ್ದನ್ನು ಹಿಡಿಯಬೇಕು. ಹಿಡಿದ ಮೇಲೆ 10 ಸೆಕೆಂಡಿನೊಳಗೆ ಖಾಲಿ ಮಾಡಬೇಕು. ಆ ಅವಧಿಯಲ್ಲೂ ಒಟ್ಟು ಪ್ರಸಾರ 260 ಮಿಲಿಸೆಕೆಂಡ್ ಮೀರುವಂತಿಲ್ಲ. ಆಮೇಲೆ 30 ನಿಮಿಷ ಅತ್ತ ತಲೆ ಹಾಕುವಂತಿಲ್ಲ.

ಇಷ್ಟೊಂದು ಕಟ್ಟುನಿಟ್ಟೇಕೆ ಎಂಬುದಕ್ಕೆ ಪೋರ್ಟೊ ರಿಕೊದ ಸ್ಯಾನ್ ವಾನ್ ಉತ್ತರ ಹೇಳುತ್ತದೆ. 1985ರ ಆಗಸ್ಟ್ 2ರಂದು ಡಲ್ಲಾಸ್ ಫೋರ್ಟ್ ವರ್ತ್ ನಿಲ್ದಾಣದಲ್ಲಿ ಇಳಿಯುತ್ತಿದ್ದ ಡೆಲ್ಟಾ 191 ವಿಮಾನ, ಮೋಡದಿಂದ ಧುಮುಕುವ ಬಿರುಗಾಳಿಗೆ ಸಿಕ್ಕಿ ನೆಲಕ್ಕಪ್ಪಳಿಸಿತು. ಸತ್ತವರು 137 ಮಂದಿ. ಇಂಥ ಗಾಳಿಯನ್ನು ಮೊದಲೇ ಕಂಡುಹಿಡಿಯಲೆಂದು ಅಮೆರಿಕ 1990ರ ದಶಕದಲ್ಲಿ ದೊಡ್ಡ ವಿಮಾನ ನಿಲ್ದಾಣಗಳ ಬಳಿ 5 ಸೆಂಟಿಮೀಟರ್ ತರಂಗದ ಡಾಪ್ಲರ್ ರೇಡಾರ್‌ಗಳನ್ನು ಸ್ಥಾಪಿಸಿತು. ಅದರಲ್ಲೊಂದು ಸ್ಯಾನ್ ವಾನ್‌ನಲ್ಲಿದೆ. 2009ರಲ್ಲಿ ಅದರ ಪರದೆಯ ಮೇಲೆ ಮಳೆಯೂ ಅಲ್ಲದ, ಗಾಳಿಯೂ ಅಲ್ಲದ ಉದ್ದುದ್ದ ಗೆರೆಗಳು ಮೂಡತೊಡಗಿದವು. ಬೆನ್ನುಹತ್ತಿ ಹೋದ ತಂತ್ರಜ್ಞರಿಗೆ ಸಿಕ್ಕಿದ್ದು ಕಟ್ಟಡ, ಗೋಪುರಗಳ ನೆತ್ತಿಯಲ್ಲಿದ್ದ 5 ಗಿಗಾಹರ್ಟ್ಜ್ ಇಂಟರ್ನೆಟ್ ಆಂಟೆನಾಗಳು.

ರೇಡಾರ್ ಹೊರಹಾಕುವ ಶಕ್ತಿ 250 ಕಿಲೊವಾಟ್. ಅಂಥ ದೈತ್ಯನಿಗೆ ಪುಟಾಣಿ ಆಂಟೆನಾ ಏನು ಮಾಡೀತು ಎನ್ನಿಸಬಹುದು. ಆದರೆ ರೇಡಾರ್ ಕೇಳಬೇಕಾದದ್ದು ಹತ್ತಾರು ಕಿಲೋಮೀಟರ್ ಆಚೆಯ ಮಳೆಹನಿಗಳಿಗೆ ಬಡಿದು ಮರಳುವ ಕ್ಷೀಣ ಪ್ರತಿಧ್ವನಿಯನ್ನು. ಹೋಗುವ ಸದ್ದು ಜೋರು, ಬರುವ ಸದ್ದು ಪಿಸುಮಾತು. ಆಂಟೆನಾದ ಸಂಕೇತ ಒಮ್ಮುಖವಾಗಿ ನೇರ ಬಂದು ಅದನ್ನು ಮುಳುಗಿಸಿಬಿಡುತ್ತದೆ. ಅಲ್ಲಿಂದ ಮುಂದೆ ಅಮೆರಿಕದಲ್ಲಿ, ಇಂಥ ರೇಡಾರ್‌ನ 35 ಕಿಲೋಮೀಟರ್ ವ್ಯಾಪ್ತಿಯೊಳಗೆ ಹೊರಾಂಗಣ ಉಪಕರಣ ಇಡುವವರು ಅದರ ಆವರ್ತನದಿಂದ ಕನಿಷ್ಠ 30 ಮೆಗಾಹರ್ಟ್ಜ್ ದೂರವಿರಬೇಕೆಂಬ ಸೂಚನೆ ಬಂತು.

ಇಲ್ಲಿಯವರೆಗೆ ರೇಡಾರ್‌ನ ಪರ ವಾದಿಸಿದ್ದಾಯಿತು. ಈಗ ವೈಫೈಯ ಕಷ್ಟ. ಒಂದು ಚಾನೆಲ್ ಕಳೆದುಕೊಳ್ಳುವುದು ದೊಡ್ಡ ನಷ್ಟವಲ್ಲ, ಕಳೆದುಕೊಂಡವರೆಲ್ಲ ಎಲ್ಲಿಗೆ ಹೋಗುತ್ತಾರೆ ಎಂಬುದೇ ತೊಂದರೆ. ಅಮೆರಿಕದ ರೂಢಿಯ ಲೆಕ್ಕದಲ್ಲಿ 20 ಮೆಗಾಹರ್ಟ್ಜ್ ಅಗಲದ ಚಾನೆಲ್ಲುಗಳು 25. ಡಿಎಫ್‌ಎಸ್ ಪಾಲು ತೆಗೆದರೆ ಉಳಿಯುವುದು 9. ವೇಗದ ಆಸೆಗೆ 80 ಮೆಗಾಹರ್ಟ್ಜ್ ಅಗಲ ಇಟ್ಟುಕೊಂಡವರಿಗೆ ಸಿಗುವುದೇ 6, ಡಿಎಫ್‌ಎಸ್ ಬಿಟ್ಟರೆ ಎರಡು. ಅದೂ ಸಾಲದೆಂಬಂತೆ, 52ರಿಂದ 64ರವರೆಗೆ ಹರಡಿಕೊಂಡ ಬ್ಲಾಕಿನಲ್ಲಿ 60ರ ಮೂಲೆಗೆ ರೇಡಾರ್ ಬಿದ್ದರೂ ಇಡೀ ಬ್ಲಾಕ್ ಜಾಗ ಬಿಡಬೇಕು. ಮೇಲಿನ ಮಹಡಿ, ಕಿಟಕಿ ಪಕ್ಕದ ಆಕ್ಸೆಸ್ ಪಾಯಿಂಟುಗಳಿಗೆ ರೇಡಾರ್ ಹೆಚ್ಚು ಕೇಳಿಸುತ್ತದೆ. ಅಲ್ಲಿಂದ ನಾಲ್ಕಾರು ಒಟ್ಟಿಗೆ ಎದ್ದವೆಂದರೆ 36ರ ಕಡೆಗೇ ನುಗ್ಗುತ್ತವೆ. ಮದುವೆಮನೆಯಲ್ಲಿ ಒಂದು ಪಂಕ್ತಿಯನ್ನು ಎಬ್ಬಿಸಿ ತುಂಬಿದ ಇನ್ನೊಂದು ಪಂಕ್ತಿಯಲ್ಲೇ ಒತ್ತಿ ಕೂರಿಸಿದ ಹಾಗೆ. ವೈಫೈಯಲ್ಲಿ ಒಂದು ಚಾನೆಲ್ಲಿನಲ್ಲಿ ಒಬ್ಬರು ಮಾತಾಡುವಾಗ ಉಳಿದವರು ಕಾಯಬೇಕು. ಮೂರು ಆಕ್ಸೆಸ್ ಪಾಯಿಂಟ್ ಒಂದೇ ಚಾನೆಲ್ಲಿನಲ್ಲಿ ಕೂತರೆ ವೇಗ ಮೂರು ಪಟ್ಟಾಗುವುದಿಲ್ಲ, ಒಂದರ ಕಾಲ ಮೂರು ಪಾಲಾಗುತ್ತದೆ. ರೇಡಾರ್‌ನ ಮುಖವನ್ನೇ ನೋಡದ, ಮೊದಲಿನಿಂದಲೂ 36ರಲ್ಲೇ ಇದ್ದ ಪಕ್ಕದ ಕೋಣೆಯವರ ವೈಫೈ ಕೂಡ ನಿಧಾನವಾಗುತ್ತದೆ.

ಎದ್ದು ಹೋಗುವಾಗ ಆಕ್ಸೆಸ್ ಪಾಯಿಂಟ್ ತನ್ನ ಗ್ರಾಹಕರಿಗೆ ಹೊಸ ಚಾನೆಲ್ ಯಾವುದೆಂದು ಘೋಷಿಸುತ್ತದೆ. ಕೇಳಿಸಿಕೊಂಡ ಫೋನ್ ಹಿಂದೆಯೇ ಹೋಗುತ್ತದೆ, ಕೇಳಿಸಿಕೊಳ್ಳದ್ದು ಹುಡುಕಾಡುತ್ತದೆ. ಇನ್ನೊಂದು ಕಿರಿಕಿರಿಯಿದೆ. ಡಿಎಫ್‌ಎಸ್ ಚಾನೆಲ್ಲಿನಲ್ಲಿ ಫೋನ್ ತಾನೇ ಮೊದಲು ಕೂಗಿ ‘ಯಾರಿದ್ದೀರಿ’ ಎನ್ನುವಂತಿಲ್ಲ. ಆಕ್ಸೆಸ್ ಪಾಯಿಂಟ್ ತಾನಿದ್ದೇನೆಂದು ಸುಮಾರು 102 ಮಿಲಿಸೆಕೆಂಡಿಗೊಮ್ಮೆ ಸಾರುವ ಬೀಕನ್‌ಗೆ ಕಾಯಬೇಕು. ಹತ್ತಾರು ಚಾನೆಲ್ಲಿಗೆ ಹೀಗೆ ಕಾದರೆ ನಡೆಯುತ್ತ ಮಾತಾಡುವವರ ಕರೆ ತಡವರಿಸುವುದು ಸಹಜ.

ಸುಳ್ಳು ಎಚ್ಚರಿಕೆಗಳೂ ಕಡಿಮೆಯಿಲ್ಲ. ಅಕ್ಕಪಕ್ಕದ ವೈಫೈಗಳ ಚಿಕ್ಕ ಚಿಕ್ಕ ಸಿಡಿತಗಳು ಒಮ್ಮೊಮ್ಮೆ ರೇಡಾರ್ ಮಿಡಿತದಂತೆಯೇ ತೋರುತ್ತವೆ. ರೇಡಾರ್ ತಪ್ಪಿಸಿಕೊಂಡರೆ ಉಪಕರಣ ಪರೀಕ್ಷೆಯಲ್ಲಿ ಫೇಲು. ಇಲ್ಲದ ರೇಡಾರ್ ಕಂಡಿತೆಂದರೆ ಅಂಥ ಶಿಕ್ಷೆಯಿಲ್ಲ. ಹೀಗಿರುವಾಗ ತಯಾರಕರು ಅನುಮಾನದ ಕಡೆಗೆ ವಾಲಿದರೆ ಅವರನ್ನು ದೂರಲಾಗದು. ದುಬಾರಿ ಮಾದರಿಗಳಲ್ಲಿ ಕಿವಿಗೊಡುವುದಕ್ಕೆಂದೇ ಪ್ರತ್ಯೇಕ ರೇಡಿಯೊ ಇರುತ್ತದೆ. ಅದು ಮುಂದಿನ ಚಾನೆಲ್ಲನ್ನು ಮೊದಲೇ ಪರೀಕ್ಷಿಸಿಟ್ಟುಕೊಳ್ಳುವುದರಿಂದ ಆ 60 ಸೆಕೆಂಡಿನ ಮೌನ ತಪ್ಪುತ್ತದೆ.

ನಮ್ಮಲ್ಲಿ 2018ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ 5 ಗಿಗಾಹರ್ಟ್ಜ್‌ನ ಒಟ್ಟು 605 ಮೆಗಾಹರ್ಟ್ಜ್ ಪಟ್ಟಿಯನ್ನು ಪರವಾನಗಿಯಿಂದ ಮುಕ್ತಗೊಳಿಸಿತು. ತಿರುವನಂತಪುರದ ತುಂಬಾದಲ್ಲಿ ಇಸ್ರೊದ ಹವಾಮಾನ ರೇಡಾರ್, ಶ್ರೀಹರಿಕೋಟದಲ್ಲಿ ರಾಕೆಟ್ ಜಾಡು ಹಿಡಿಯುವ ರೇಡಾರ್, ಎರಡೂ ಸಿ-ಬ್ಯಾಂಡಿನವು. 5 ಗಿಗಾಹರ್ಟ್ಜ್ ಇರುವುದೂ ಆ ಬ್ಯಾಂಡಿನಲ್ಲೇ.

ಉಪಕರಣದ ಸೆಟ್ಟಿಂಗಿನಲ್ಲಿ ದೇಶದ ಹೆಸರು ಬದಲಿಸಿ ಡಿಎಫ್‌ಎಸ್ ಕಾಟ ತಪ್ಪಿಸಿಕೊಳ್ಳುವ ಉಪಾಯ ಹೇಳಿಕೊಡುವವರು ಸಿಗುತ್ತಾರೆ. ಅವರ ಮಾತು ಕೇಳಬೇಡಿ. ಲಾಗ್‌ನಲ್ಲಿ ಪದೇ ಪದೇ ರೇಡಾರ್ ಕಾಣಿಸುವ ಚಾನೆಲ್ಲನ್ನು ಮಾತ್ರ ಪಟ್ಟಿಯಿಂದ ತೆಗೆದುಹಾಕಿ, ಉಳಿದ ಡಿಎಫ್‌ಎಸ್ ಚಾನೆಲ್ಲುಗಳನ್ನು ಧಾರಾಳವಾಗಿ ಬಳಸಿ. ಜನ ತುಂಬಿದ ಆಫೀಸು, ಕಾಲೇಜು, ಹಾಸ್ಟೆಲ್ಲುಗಳಲ್ಲಿ 80ರ ಅಗಲದ ಮೋಹ ಬಿಟ್ಟು 20 ಅಥವಾ 40ಕ್ಕೆ ಇಳಿಸಿ.