ಭಯ ಉಳಿಯುತ್ತದೆ, ನೆನಪು ಅಳಿಯುತ್ತದೆ

ನೆಲಮಂಗಲ ತಾಲ್ಲೂಕಿನ ಶಿವಗಂಗೆ ಬೆಟ್ಟವನ್ನು ಹತ್ತಿ ಬಂದವರನ್ನು ಕೇಳಿ ನೋಡಿ. ಅಂದು ದಾಬಸ್‌ಪೇಟೆಯಲ್ಲಿ ಏನು ತಿಂದೆವು ಎಂಬುದು ಮರೆತುಹೋಗಿರುತ್ತದೆ. ಆದರೆ ತುದಿಯ ಕಡಿದಾದ ಬಂಡೆಯಲ್ಲಿ ಕಂಬಿ ಹಿಡಿದು ನಿಂತಾಗ ಕಾಲು ನಡುಗಿದ್ದು, ಕೋತಿ ಕೈಯಲ್ಲಿದ್ದ ಚೀಲ ಕಿತ್ತುಕೊಂಡದ್ದು ಎಷ್ಟು ವರ್ಷವಾದರೂ ಕಣ್ಣಿಗೆ ಕಟ್ಟಿದಂತಿರುತ್ತದೆ.

ಇದು ಹಾರ್ಮೋನುಗಳ ಕೆಲಸ. ಅಪಾಯ ಕಂಡೊಡನೆ ಮಿದುಳಿನ ತಳಭಾಗದ ಹೈಪೋಥಲಾಮಸ್ ಎಚ್ಚೆತ್ತುಕೊಳ್ಳುತ್ತದೆ. ಅದರ ಆಜ್ಞೆ ನರಗಳ ಮೂಲಕ ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಗಳನ್ನು ತಲುಪಿ, ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ. ಎದೆ ಡವಗುಟ್ಟುತ್ತದೆ. ಬೆನ್ನಿಗೇ ಪಿಟ್ಯುಟರಿ ಗ್ರಂಥಿಯ ಸೂಚನೆಯಂತೆ ಕಾರ್ಟಿಸಾಲ್ ಹೊರಬರುತ್ತದೆ. ಆಗ ಮಿದುಳಿನಲ್ಲಿ ಭಯವನ್ನು ಗುರುತಿಸುವ ಅಮಿಗ್ಡಲ, ಘಟನೆಗಳನ್ನು ದಾಖಲಿಸುವ ಹಿಪ್ಪೊಕ್ಯಾಂಪಸ್ ಎರಡೂ ಸೇರಿ ಆ ಕ್ಷಣವನ್ನು ಗಟ್ಟಿಯಾಗಿ ಅಚ್ಚೊತ್ತುತ್ತವೆ. ಬೆಟ್ಟ ಇಳಿದು ಉಸಿರು ಬಿಟ್ಟ ಮೇಲೆ ಕಾರ್ಟಿಸಾಲೂ ಇಳಿಯುತ್ತದೆ.

ಇಳಿಯದೇ ಇದ್ದರೆ? ತೀರದ ಸಾಲ, ಮನೆಯೊಳಗಿನ ಜಗಳ, ಪರೀಕ್ಷೆಯ ಹೆದರಿಕೆ ಮನುಷ್ಯನನ್ನು ದಿನವೂ ಆ ಬಂಡೆಯ ತುದಿಯಲ್ಲೇ ನಿಲ್ಲಿಸುತ್ತವೆ. ಇಂಥ ಒತ್ತಡದ ಪರಿಣಾಮವನ್ನು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸುಮಂತ್ರ ಚಟರ್ಜಿ ಮತ್ತು ಸಂಗಡಿಗರು ಇಲಿಗಳಲ್ಲಿ ಪರೀಕ್ಷಿಸಿದರು. ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡದಂತೆ ಹಿಡಿದಿಟ್ಟ ಇಲಿಗಳ ಹಿಪ್ಪೊಕ್ಯಾಂಪಸ್‌ನಲ್ಲಿ ನರಕೋಶಗಳ ಕವಲುಗಳು ಕುಗ್ಗಿದ್ದವು, ಅಮಿಗ್ಡಲದಲ್ಲಿ ಬೆಳೆದಿದ್ದವು. ಇದು 2002ರ ವರದಿ. 21 ದಿನ ಬಿಡುವು ಕೊಟ್ಟಾಗ ಹಿಪ್ಪೊಕ್ಯಾಂಪಸ್ ಚೇತರಿಸಿಕೊಂಡರೂ ಅಮಿಗ್ಡಲದ ಬೆಳವಣಿಗೆ ಹಾಗೆಯೇ ಉಳಿದಿತ್ತು, ಇಲಿಗಳ ಆತಂಕವೂ ತಗ್ಗಿರಲಿಲ್ಲ ಎಂದು 2004ರಲ್ಲಿ ತಿಳಿದುಬಂತು.

ಇಲಿಯ ಲೆಕ್ಕವನ್ನು ಹಾಗೆಯೇ ಮನುಷ್ಯನಿಗೆ ಹಚ್ಚಲಾಗದು. ಖಿನ್ನತೆಗೆ ಹಾರ್ಮೋನೊಂದೇ ಕಾರಣವೂ ಅಲ್ಲ. ಆದರೆ ಬಹುಕಾಲ ಖಿನ್ನತೆಯಿಂದ ಬಳಲಿದವರ ಹಿಪ್ಪೊಕ್ಯಾಂಪಸ್ ಸರಾಸರಿಯಲ್ಲಿ ತುಸು ಚಿಕ್ಕದಾಗಿರುವುದು ಸ್ಕ್ಯಾನಿಂಗ್‌ಗಳಲ್ಲಿ ಕಂಡುಬಂದಿದೆ. ಹೇಳಿದ ಕೆಲಸ ಮರೆಯುವ ಸೊಸೆಗೆ, ಓದಿದ್ದು ತಲೆಗೆ ಹತ್ತದ ಹುಡುಗನಿಗೆ 'ಸೋಮಾರಿ' ಎಂಬ ಹಣೆಪಟ್ಟಿ ಕಟ್ಟುವ ಮುನ್ನ ಇದನ್ನು ನೆನೆಯಬೇಕು. ಒಳಗೆ ಕಾಯಿಲೆಯಿರಬಹುದು. ಕಾಯಿಲೆಯಾದರೆ ಚಿಕಿತ್ಸೆಯೂ ಉಂಟು.

ಒಳ್ಳೆಯ ನಿದ್ದೆ, ನಡಿಗೆ, ಮನಸ್ಸು ಬಿಚ್ಚಿ ಆಡುವ ಮಾತು ಒತ್ತಡವನ್ನು ತಗ್ಗಿಸುತ್ತವೆ. ಅವು ಸಾಲದೆ ಹೋದರೆ ವೈದ್ಯರಿದ್ದಾರೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ಕನ್ನಡದಲ್ಲೇ ಮಾತನಾಡಬಹುದು.