ಬೆಳಕು ಮೊದಲು, ಸದ್ದು ಆಮೇಲೆ

2025ರ ಸೆಪ್ಟೆಂಬರ್‌ನಲ್ಲಿ ಒಂದು ರಾತ್ರಿ ದೆಹಲಿ, ನೋಯ್ಡಾ, ಗುರುಗ್ರಾಮಗಳ ಆಕಾಶದಲ್ಲಿ ಉರಿಯುವ ಗೆರೆಯೊಂದು ಚೂರುಚೂರಾಗುತ್ತ ಸಾಗಿದಾಗ, ಅದು ಉಲ್ಕೆಯೋ, ಭೂಮಿಗೆ ಮರಳುತ್ತಿದ್ದ ರಾಕೆಟ್ಟಿನ ಅವಶೇಷವೋ ಎಂಬ ಚರ್ಚೆ ನಡೆಯಿತು. ಇದನ್ನು ಬಿಡಿಸುವ ಮುಖ್ಯ ಸುಳಿವು ವೇಗ: ಸೆಕೆಂಡಿಗೆ ಕನಿಷ್ಠ 11 ಕಿ.ಮೀ. ವೇಗದಲ್ಲಿ ವಾಯುಮಂಡಲವನ್ನು ಹೊಗುವ ಉಲ್ಕೆ ಸಾಮಾನ್ಯವಾಗಿ ಕೆಲವೇ ಸೆಕೆಂಡುಗಳಲ್ಲಿ ಆರಿಹೋಗುತ್ತದೆ; 8 ಕಿ.ಮೀ.ಗಿಂತ ಕಡಿಮೆ ವೇಗದ ಅವಶೇಷವಾದರೋ ಬಹುತೇಕ ಅಡ್ಡಡ್ಡವಾಗಿ, ಕೆಲವೊಮ್ಮೆ ನಿಮಿಷಕ್ಕೂ ಹೆಚ್ಚು ಕಾಲ ಉರಿಯುತ್ತ ಸಾಗುತ್ತದೆ.

ಶುಕ್ರಗ್ರಹಕ್ಕಿಂತ ಪ್ರಖರವಾಗಿ ಬೆಳಗುವ ಉಲ್ಕೆಯನ್ನು ಅಗ್ನಿಗೋಳ ಎನ್ನುತ್ತಾರೆ. ಅದು ಶಬ್ದಕ್ಕಿಂತ ಹತ್ತಾರು ಪಟ್ಟು ವೇಗವಾಗಿ ಧಾವಿಸುವುದರಿಂದ, ಮುಂದಿನ ಗಾಳಿ ಸರಿದು ದಾರಿ ಬಿಡಲಾಗದೆ ಒತ್ತಿಕೊಂಡು ಆಘಾತ ತರಂಗವಾಗುತ್ತದೆ. ಆ ತರಂಗ ನೆಲಕ್ಕೆ ತಲುಪಿದಾಗ ಕೇಳುವ ಗುಡುಗಿನಂಥ ಸದ್ದೇ ಸೋನಿಕ್ ಬೂಮ್. ಸಣ್ಣ ಉಲ್ಕೆಗಳು ಬಹಳ ಎತ್ತರದಲ್ಲೇ ಉರಿದುಹೋಗುವುದರಿಂದ ಅವುಗಳ ಸದ್ದು ಕೇಳಿಸುವುದಿಲ್ಲ. 30 ಕಿ.ಮೀ. ಎತ್ತರದಿಂದ ಶಬ್ದ ಕೆಳಗಿಳಿಯಲು ಸುಮಾರು ಒಂದೂವರೆ ನಿಮಿಷ ಬೇಕು, ಆದರೆ ಬೆಳಕು ಕ್ಷಣಾರ್ಧದಲ್ಲಿ ಬರುತ್ತದೆ. ಈ ಅಂತರದಲ್ಲಿಯೇ ಅಪಾಯವೂ ಅಡಗಿದೆ: 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್‌ನಲ್ಲಿ ಉಲ್ಕೆಯ ಬೆಳಕನ್ನು ಕಂಡು ಕಿಟಕಿಗಳ ಬಳಿ ಬಂದ ಅನೇಕರು, ಎರಡು ನಿಮಿಷಗಳ ಬಳಿಕ ತರಂಗ ಬಂದಪ್ಪಳಿಸಿದಾಗ ಒಡೆದ ಗಾಜಿನಿಂದ ಗಾಯಗೊಂಡರು, ಆ ದಿನ ಗಾಯಗೊಂಡವರು ಸುಮಾರು 1500 ಮಂದಿ.

ವಾಹನಗಳ ಸದ್ದಿನಲ್ಲಿ ಮಂದ ಗುಡುಗು ಸುಲಭವಾಗಿ ಮುಚ್ಚಿಹೋಗುವ ದೆಹಲಿಯಂಥ ನಗರದಲ್ಲಿ, ಬೆಳಕು ಆರಿದೊಡನೆ ಮೊಬೈಲ್ ಚಿತ್ರೀಕರಣವನ್ನು ನಿಲ್ಲಿಸದೆ, ಗಾಜಿನಿಂದ ದೂರ ನಿಂತು, ಐದು ನಿಮಿಷ ಮುಂದುವರಿಸುವುದು ಅತ್ಯಂತ ಉಪಯುಕ್ತ. ಏಕೆಂದರೆ ಬೆಳಕು ಮತ್ತು ಸದ್ದಿನ ನಡುವಿನ ಸೆಕೆಂಡುಗಳಿಂದ ಉಲ್ಕೆಯ ದೂರವನ್ನು ಅಂದಾಜು ಮಾಡಬಹುದು, ಬೇರೆ ಬೇರೆ ಊರುಗಳ ದೃಶ್ಯಗಳನ್ನು ಹೋಲಿಸಿ ಅದರ ಪಥವನ್ನೂ ಗುರುತಿಸಬಹುದು.