ಅಕ್ಕಡಿ ಸಾಲಿನ ಓಟ್ಸ್ ಉಪ್ಪಿಟ್ಟು

ಪುಷ್ಯ ಮಾಸದ ಬೆಳಗು. ಬೆಳ್ಳೂರು ಕ್ರಾಸಿನಲ್ಲಿ ಮಂಜು ಇನ್ನೂ ಕರಗಿರುವುದಿಲ್ಲ. ಹಾಸನದ ಕಡೆ ಹೋಗುವ ಬಸ್ಸುಗಳು ದೀಪ ಹಾಕಿಕೊಂಡೇ ಓಡುತ್ತವೆ. ರಸ್ತೆ ಬದಿಯಲ್ಲಿ ಗೋಣಿತಾಟು ಹಾಸಿ, ಅವರೆಕಾಯಿ ರಾಶಿ ಹಾಕಿಕೊಂಡು ಹೆಂಗಸರು ಕೂತಿರುತ್ತಾರೆ. ಕೊಳ್ಳಲು ಬಂದವರು ಕಾಯಿಯ ಬಣ್ಣ ನೋಡುವ ಮೊದಲು ಒಂದನ್ನೆತ್ತಿ ಮೂಗಿಗೆ ಹಿಡಿಯುತ್ತಾರೆ. ಇಬ್ಬನಿ ಕುಡಿದ ಕಾಯಿಯ ಸಿಪ್ಪೆಯ ಮೇಲೆ ಅಂಟಂಟಾದ ಎಣ್ಣೆಯಂಥ ಸೊಗಡು ಕೂತಿರುತ್ತದೆ. ಅದು ಬೆರಳಿಗೆ ಹತ್ತಿತೆಂದರೆ ಸೋಪು ಹಾಕಿ ತೊಳೆದರೂ ಮಧ್ಯಾಹ್ನದ ತನಕ ಹೋಗುವುದಿಲ್ಲ. ಹೋಗಬೇಕೆಂದು ಯಾರಿಗೂ ಆಸೆಯೂ ಇಲ್ಲ.

ಮಂಡ್ಯ ಜಿಲ್ಲೆ ಎಂದರೆ ಕಬ್ಬು, ಭತ್ತ, ನಾಲೆ ಎಂದೇ ಹೊರಗಿನವರ ಎಣಿಕೆ. ಕನ್ನಂಬಾಡಿ ಕಟ್ಟೆಯ ನೀರು ಹರಿಯುವ ಪಾಂಡವಪುರ, ಶ್ರೀರಂಗಪಟ್ಟಣದ ಮಟ್ಟಿಗೆ ಆ ಮಾತು ಸರಿ. ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಸುತ್ತಲಿನದು ಬೇರೆಯೇ ನೆಲ. ಇದು ಮಳೆ ನಂಬಿದ ಕೆಂಪು ಹೊಲ, ರಾಗಿಯ ಸೀಮೆ. ಇಲ್ಲಿ ರಾಗಿಯನ್ನು ಒಂಟಿಯಾಗಿ ಬಿತ್ತುವ ರೂಢಿ ಇರಲಿಲ್ಲ. ಎಂಟು ಹತ್ತು ಸಾಲು ರಾಗಿಗೆ ಒಂದು ಅಕ್ಕಡಿ ಸಾಲು ಬಿಟ್ಟು, ಅದರಲ್ಲಿ ಅವರೆ, ತೊಗರಿ, ಜೋಳ, ಹುಚ್ಚೆಳ್ಳು ಹಾಕುತ್ತಿದ್ದರು. ಹುಚ್ಚೆಳ್ಳಿನ ಹಳದಿ ಹೂವಿಗೆ ಜೇನು ಬರುತ್ತಿತ್ತು, ಅವರೆಯ ಬೇರು ನೆಲಕ್ಕೆ ಸಾರಜನಕ ಕೂಡಿಸುತ್ತಿತ್ತು. ರಾಗಿ ಕುಯ್ದು ಮೆದೆ ಹಾಕಿದ ಮೇಲೂ ಅವರೆ ಬಳ್ಳಿ ಹೊಲದಲ್ಲೇ ನಿಂತು ಮಾಗಿಯ ಮಂಜಿಗೆ ಮೈಯೊಡ್ಡುತ್ತಿತ್ತು. ಈಗಲೂ ಅಲ್ಲಲ್ಲಿ ಈ ಪದ್ಧತಿ ಉಳಿದಿದೆ. ಇನ್ನಷ್ಟು ಉಳಿಯಬೇಕು.

ಇಂಥ ಊರಿನ ಅಡುಗೆಮನೆಗೆ ಓಟ್ಸ್ ಬಂದಿದೆ. ಹತ್ತಿರದ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿಯ ವೈದ್ಯಕೀಯ ಕಾಲೇಜು, ದೊಡ್ಡಾಸ್ಪತ್ರೆ ಇವೆ. ಶುಗರ್, ಬಿಪಿ, ಕೊಲೆಸ್ಟರಾಲ್ ಎಂಬ ಮಾತುಗಳು ಜಗಲಿ ಕಟ್ಟೆಯ ಮೇಲೆ ಮಳೆ ಬೆಳೆಯಷ್ಟೇ ಸಲೀಸಾಗಿ ಓಡಾಡುತ್ತವೆ. ಅಂಗಡಿಯಲ್ಲಿ ಬೆಲ್ಲದಚ್ಚು, ಹುರಿಗಡಲೆಯ ಪಕ್ಕದಲ್ಲೇ ಓಟ್ಸ್ ಪೊಟ್ಟಣಗಳು ನೇತಾಡುತ್ತವೆ. ನಮ್ಮಕ್ಕನ ಮನೆಗೂ ಅದು ಹಾಗೆಯೇ ಬಂತು, ಅವಳ ಅತ್ತೆಯವರ ಪಥ್ಯವಾಗಿ. ಹಾಲಿನಲ್ಲಿ ಕುದಿಸಿ ಕೊಟ್ಟ ಗಂಜಿಯನ್ನು ಅವರು ಒಂದು ಚಮಚ ಬಾಯಿಗಿಟ್ಟು, ಬಟ್ಟಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, "ಇದ್ಯಾಕವ್ವ, ಜ್ವರ ಬಂದೋರ್ಗೆ ಕೊಟ್ಟಂಗದೆ" ಎಂದರು. ಜೀವಮಾನವೆಲ್ಲ ರೊಟ್ಟಿ, ಉಪ್ಪಿಟ್ಟು, ಖಾರದ ಚಟ್ನಿ ತಿಂದ ನಾಲಗೆಯ ನ್ಯಾಯವಾದ ಮಾತು ಅದು.

ಅಕ್ಕ ಮತ್ತೆ ಹಾಲಿನ ಕಡೆ ಹೋಗಲಿಲ್ಲ. ಅವಳ ಕಣ್ಣಿಗೆ ಓಟ್ಸ್ ಕಂಡಿದ್ದು ಅವಲಕ್ಕಿಯ ಹಾಗೆ. ಆ ನೋಟ ನೂರಕ್ಕೆ ನೂರು ಸರಿ. ಭತ್ತವನ್ನು ನೆನೆಸಿ, ಹುರಿದು, ಒತ್ತಿ ಅವಲಕ್ಕಿ ಮಾಡುತ್ತಾರೆ. ಓಟ್ಸ್ ಕಾಳಿನ ಹೊಟ್ಟು ತೆಗೆದು, ಹಬೆಯಲ್ಲಿ ಬೇಯಿಸಿ, ರೋಲರುಗಳ ನಡುವೆ ಚಪ್ಪಟೆ ಮಾಡುತ್ತಾರೆ. ಈ ಕಾಳಿನಲ್ಲಿ ಅಕ್ಕಿ, ಗೋಧಿಗಿಂತ ಕೊಬ್ಬು ಹೆಚ್ಚು. ಹಬೆ ಕೊಡದಿದ್ದರೆ ಬೇಗ ಕಮಟು ಹಿಡಿಯುತ್ತದೆ. ಅಂದರೆ ಪೊಟ್ಟಣದೊಳಗಿನ ಓಟ್ಸ್ ಆಗಲೇ ಅರ್ಧ ಬೆಂದದ್ದು. ಅದನ್ನು ರವೆಯೆಂದು ಭಾವಿಸಿ ಒಂದಕ್ಕೆ ಎರಡೂವರೆ ಲೋಟ ನೀರು ಸುರಿದರೆ ಅಂಟಾಗದೆ ಇನ್ನೇನಾದೀತು? ಅಂಟಿಗೆ ಕಾರಣ ಅದರೊಳಗಿನ ಬೀಟಾ ಗ್ಲೂಕಾನ್ ಎಂಬ ನಾರು. ಕೊಲೆಸ್ಟರಾಲ್ ಇಳಿಸಲು ನೆರವಾಗುತ್ತದೆಂದು ವೈದ್ಯರು ಹೇಳುವುದೂ ಅದನ್ನೇ. ದಿನಕ್ಕೆ 3 ಗ್ರಾಂ ಬೀಟಾ ಗ್ಲೂಕಾನ್ ಹೊಟ್ಟೆಗೆ ಹೋದರೆ ಹೃದಯಕ್ಕೆ ಒಳಿತೆಂಬ ಮಾತನ್ನು ಓಟ್ಸ್ ಪೊಟ್ಟಣದ ಮೇಲೆ ಹಾಕಲು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1997ರಲ್ಲಿ ಒಪ್ಪಿಗೆ ಕೊಟ್ಟಿತು.

ಅವಳ ಕೈಯಡುಗೆ ನೋಡಬೇಕು. ಹಿಂದಿನ ರಾತ್ರಿಯೇ ಅವರೆಕಾಯಿ ಬಿಡಿಸಿಟ್ಟಿರುತ್ತಾಳೆ. ಬೆಳಿಗ್ಗೆ ಎರಡು ಹಿಡಿ ಕಾಳಿಗೆ ಉಪ್ಪು, ಒಂದು ತೊಟ್ಟು ಎಣ್ಣೆ ಹಾಕಿ ತೆರೆದ ಪಾತ್ರೆಯಲ್ಲೇ ಬೇಯಿಸುತ್ತಾಳೆ. ಕುಕ್ಕರಿಗೆ ಹಾಕಿದರೆ ಕಾಳು ಒಡೆಯುತ್ತದೆ, ಸೊಗಡೂ ಸೀಟಿಯ ಜೊತೆ ಹೋಗುತ್ತದೆ ಎನ್ನುತ್ತಾಳೆ. ಇನ್ನೊಂದು ಒಲೆಯ ಮೇಲೆ ಕಬ್ಬಿಣದ ಬಾಣಲೆ. ಅದಕ್ಕೆ ಎರಡು ಲೋಟ ದಪ್ಪ ಓಟ್ಸ್ ಸುರಿದು, ಎಣ್ಣೆ ಹಾಕದೆ, ಸಣ್ಣ ಉರಿಯಲ್ಲಿ ಹುರಿಯುತ್ತಾಳೆ. ಮಸಾಲೆ ಬೆರೆಸಿದ ಪೊಟ್ಟಣ ಅವಳಿಗೆ ಆಗದು. ಸಪ್ಪೆಯದೇ ಬೇಕು, ಅದರಲ್ಲೂ ಪುಡಿಪುಡಿಯಾಗದ ದಪ್ಪನೆಯದು. ಮೊದಲು ಬಿಳಿಚಿಕೊಂಡಿದ್ದ ಚಕ್ಕೆಗಳ ಅಂಚು ನಿಧಾನವಾಗಿ ಹೊಂಬಣ್ಣಕ್ಕೆ ತಿರುಗುತ್ತದೆ. ಮಗುಚುವಾಗಿನ ಮೆತ್ತನೆಯ ಸದ್ದು ಹೋಗಿ ಗರಗರ ಎನ್ನತೊಡಗುತ್ತದೆ. ಒಂದೆರಡನ್ನು ಬೆರಳಲ್ಲಿ ಒತ್ತಿ ನೋಡುತ್ತಾಳೆ. ಬಾಗದೆ ಪಟ್ಟನೆ ಮುರಿದರೆ ಹದ ಬಂತು. ಕೂಡಲೇ ಮೊರಕ್ಕೆ ಸುರಿಯುತ್ತಾಳೆ, ಬಾಣಲೆಯಲ್ಲೇ ಬಿಟ್ಟರೆ ಅಡಿ ಸೀಯುತ್ತದೆ.

ಮುಂದಿನದು ನಮ್ಮ ಮನೆಗಳ ಮಾಮೂಲಿ ಒಗ್ಗರಣೆ: ಸಾಸಿವೆ, ಕಡಲೆಬೇಳೆ, ಉದ್ದಿನಬೇಳೆ, ಹಸಿಮೆಣಸಿನಕಾಯಿ, ಶುಂಠಿ, ಕರಿಬೇವು, ಈರುಳ್ಳಿ. ಸಣ್ಣಗೆ ಹೆಚ್ಚಿದ ಸಬ್ಬಸಿಗೆ ಸೊಪ್ಪು ಬಿದ್ದಾಗ ಅಡುಗೆಮನೆಯ ವಾಸನೆಯೇ ಬದಲಾಗುತ್ತದೆ. ಅವರೆಯೂ ಸಬ್ಬಸಿಗೆಯೂ ಹುಟ್ಟಾ ನೆಂಟರು. ಬೆಂದ ಕಾಳು, ಉಪ್ಪು, ಹುರಿದ ಓಟ್ಸ್ ಎಲ್ಲ ಸೇರಿದ ಮೇಲೆ ನೀರಿನ ಸರದಿ. ಇಲ್ಲಿ ಅವಳು ಬರೀ ನೀರು ಬಳಸುವುದಿಲ್ಲ. ಅವರೆ ಬೆಂದ ಹಸಿರುಗಪ್ಪು ಕಟ್ಟನ್ನು ಬಸಿದಿಟ್ಟಿರುತ್ತಾಳೆ. ಲೋಟ ಓಟ್ಸಿಗೆ ಮುಕ್ಕಾಲು ಲೋಟ ಲೆಕ್ಕ, ಅದೂ ಒಮ್ಮೆಲೇ ಅಲ್ಲ. ಅಂಗೈಯಲ್ಲಿ ತೆಗೆದು ಚಿಮುಕಿಸಿ, ಕೆಳಗಿಂದ ಮೇಲಕ್ಕೆ ಮಗುಚಿ, ಮತ್ತೆ ಚಿಮುಕಿಸುತ್ತಾಳೆ. ಒಣಗಿದ ಚಕ್ಕೆಗಳು ಸೊಗಡಿನ ಕಟ್ಟನ್ನು ಹೀರಿ ಉಬ್ಬುತ್ತವೆ, ಒಂದಕ್ಕೊಂದು ಅಂಟದೆ ಉದುರುದುರಾಗಿ ನಿಲ್ಲುತ್ತವೆ. ತಟ್ಟೆ ಮುಚ್ಚಿ ಮೂರು ನಿಮಿಷ. ಆಮೇಲೆ ನಿಂಬೆರಸ, ಒಂದು ಹಿಡಿ ಕಾಯಿತುರಿ. ನನ್ನ ಮಟ್ಟಿಗೆ ಈ ಅಡುಗೆಯ ಜೀವ ಇರುವುದು ಆ ಕಟ್ಟಿನಲ್ಲೇ. ಓಟ್ಸಿಗೆ ತನ್ನದೆಂಬ ರುಚಿ ಅಷ್ಟಾಗಿ ಇಲ್ಲ, ಕೊಟ್ಟದ್ದನ್ನು ಹೀರಿಕೊಳ್ಳುವ ಗುಣ ಧಾರಾಳವಾಗಿದೆ.

ನೆಂಚಿಕೊಳ್ಳಲು ಹುಚ್ಚೆಳ್ಳು ಪುಡಿ. ಕಪ್ಪಗೆ ಮಿರುಗುವ ಹುಚ್ಚೆಳ್ಳನ್ನು ಚಟಪಟ ಸಿಡಿಯುವ ತನಕ ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆ, ಉಪ್ಪಿನ ಜೊತೆ ಒರಳಲ್ಲಿ ಕುಟ್ಟಿದ್ದು. ಮೇಲೊಂದಿಷ್ಟು ಗಟ್ಟಿ ಮೊಸರು. ತಟ್ಟೆಯಲ್ಲಿ ಓಟ್ಸ್ ಒಂದನ್ನು ಬಿಟ್ಟರೆ ಮುಖ್ಯವಾದದ್ದೆಲ್ಲ ರಾಗಿ ಹೊಲದ ಅಕ್ಕಡಿ ಸಾಲಿನದೇ. ತಂಪು ದೇಶಗಳ ಕಾಳು ಇಲ್ಲಿ ರಾಗಿಯ ಒಡನಾಡಿಗಳ ಜೊತೆ ಕೂತಿದೆ. ಅತ್ತೆಯವರು ಮೊದಲ ಸಲ ತಿಂದಾಗ ತಟ್ಟೆ ಮುಂದೆ ಚಾಚಿ, "ಇನ್ನೊಂದ್ ಸೌಟು ಆಕು ಕನವ್ವ" ಎಂದರಂತೆ. ಈಗ ಮನೆಯವರೆಲ್ಲ ಕೇಳಿ ಮಾಡಿಸಿಕೊಳ್ಳುವ ತಿಂಡಿ ಅದು.

ಹಾಗೆಂದು ಓಟ್ಸ್ ಬಂತೆಂದು ರಾಗಿಯನ್ನು ಮೂಲೆಗೆ ಸರಿಸುವುದು ನನಗೆ ಒಪ್ಪಿಗೆಯಿಲ್ಲ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮಿಕ್ಕಿ ಸುಣ್ಣದಂಶವಿದೆ, ಓಟ್ಸಿನಲ್ಲಿ ಅದರ ಕಾಲುಭಾಗವೂ ಇಲ್ಲ. ಇದೇ ಜಿಲ್ಲೆಯ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ಕೂತು, ನಮ್ಮ ರಾಗಿಗೂ ಆಫ್ರಿಕದ ರಾಗಿಗೂ ನೆಂಟಸ್ತನ ಬೆಳೆಸಿ ಇಂಡಾಫ್ ತಳಿಗಳನ್ನು ಕೊಟ್ಟ ಲಕ್ಷ್ಮಣಯ್ಯನವರನ್ನು ಜನ 'ರಾಗಿ ಲಕ್ಷ್ಮಣಯ್ಯ' ಎಂದೇ ಕರೆದರು. ಅಂಥ ಕಾಳು ಬಿಡುವಂಥದ್ದಲ್ಲ. ಅಕ್ಕನ ಮನೆಯಲ್ಲಿ ವಾರಕ್ಕೆರಡು ಬೆಳಗು ಓಟ್ಸ್. ಮಿಕ್ಕ ದಿನ ರಾಗಿ ರೊಟ್ಟಿ, ಇಡ್ಲಿ, ಚಿತ್ರಾನ್ನ. ರಾತ್ರಿಗೆ ಮುದ್ದೆ ಇದ್ದೇ ಇದೆ.

ಶಿವರಾತ್ರಿ ಹೊತ್ತಿಗೆ ಅವರೆಯ ಸೊಗಡು ಇಳಿಯುತ್ತದೆ. ಆಮೇಲೆ ಅವಳು ಹಿತ್ತಲ ನುಗ್ಗೆಸೊಪ್ಪು ಹಾಕಿ ಇದೇ ಉಪ್ಪಿಟ್ಟು ಮಾಡುತ್ತಾಳೆ. ಆಗ ಕಟ್ಟಿನ ಬದಲು ಬಿಸಿನೀರು, ಕಾಯಿತುರಿ ಎರಡು ಹಿಡಿ. ಸೊಪ್ಪನ್ನು ಎಣ್ಣೆಯಲ್ಲಿ ಚೆನ್ನಾಗಿ ಬಾಡಿಸಿಕೊಂಡೇ ಓಟ್ಸ್ ಸೇರಿಸಬೇಕು, ಇಲ್ಲವಾದರೆ ಕಹಿ ಉಳಿಯುತ್ತದೆ.